ಹೊಸ ಐಡಿಯಾ ಬೇಕಾ? ಮೊದಲು ಕೆಲಸದವರನ್ನು ಕೇಳಿ

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ತೆಂಗಿನಕಾಯಿ ಪುಡಿ, ಎಣ್ಣೆ ಘಟಕ ನಡೆಸುತ್ತಿರುವ ಸ್ನೇಹಿತರಿಗೆ ಒಂದು ಮಾತು. ಎಲ್ಲರೂ ಒಂದೇ ಸರಕು ಮಾಡಿದರೆ ಪೈಪೋಟಿ ಬರೀ ಬೆಲೆಯದ್ದಾಗುತ್ತದೆ. ಬೆಲೆ ಇಳಿಸಿಕೊಂಡೇ ಎಷ್ಟು ದಿನ ತಡೆಯೋಕಾಗುತ್ತೆ?

ಹೊಸ ದಾರಿ ಕಾಯಿ ಒಡೆಯುವ ಜಾಗದಲ್ಲೇ ಇರಬಹುದು. ಕಾಯಿ ನೀರು ಮೋರಿಗೆ ಹೋಗೋದನ್ನು ದಿನವಿಡೀ ನೋಡುವವರು ಅಲ್ಲಿ ಕೂತ ಹೆಂಗಸರು, ಮಾಲೀಕರಲ್ಲ. ಆ ನೀರಿಗೆ ಸಕ್ಕರೆ ಸೇರಿಸಿ ಹುದುಗಿಸಿದರೆ ವಿನೆಗರ್ ಆಗುತ್ತದೆ. ಹೆರೆದು ತೆಗೆದ ಕಂದು ಸಿಪ್ಪೆಯಲ್ಲೂ ಎಣ್ಣೆ ಇದೆ. ಚಿಪ್ಪು ಇದ್ದಿಲಾಗುತ್ತದೆ.

ವಾರಕ್ಕೊಮ್ಮೆ ಟೀ ಹೊತ್ತಲ್ಲಿ ಎರಡೇ ಪ್ರಶ್ನೆ ಕೇಳಿ: "ಏನು ದಂಡವಾಗ್ತಿದೆ? ಯಾವ ಕೆಲಸ ಸುಮ್ನೆ ಕಷ್ಟ ಕೊಡ್ತಿದೆ?" ಹೇಳಿದ್ದನ್ನು ಅವರ ಹೆಸರಿನ ಸಮೇತ ಪುಸ್ತಕದಲ್ಲಿ ಬರೆಯಿರಿ. ಮುಂದಿನ ವಾರದೊಳಗೆ ಉತ್ತರ ಕೊಡಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತಲೂ ಹೇಳಿ. ಇದು ತುಂಬಾ ಮುಖ್ಯ. ಉತ್ತರವೇ ಬರದಿದ್ದರೆ ಮತ್ತೆ ಯಾರೂ ಬಾಯಿ ಬಿಡಲ್ಲ. ಟೊಯೋಟಾ ಕಂಪನಿ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು 1951ರಲ್ಲೇ ಶುರು ಮಾಡಿತು, ಇವತ್ತಿಗೂ ಬಿಟ್ಟಿಲ್ಲ.

ಲಾಭ ಬಂದರೆ ಹೇಳಿದವರಿಗೂ ಪಾಲು ಕೊಡಿ. ಅದು ನ್ಯಾಯ ಅಲ್ವಾ?

ಪ್ರಯೋಗ ಒಂದು ಕ್ಯಾನು, ಒಂದು ಮೂಟೆಯಷ್ಟೇ ಇರಲಿ. ಕೆಟ್ಟರೂ ಜಾಸ್ತಿ ನಷ್ಟವಿಲ್ಲ. ವಿಧಾನ ತಿಳಿಯಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಯಂತ್ರಕ್ಕೆ ಪಿಎಂಎಫ್‌ಎಂಇ ಅನ್ನೋ, ಸಣ್ಣ ಆಹಾರ ಘಟಕಗಳಿಗೆ ನೆರವಾಗುವ ಯೋಜನೆಯಲ್ಲಿ ಕೇಂದ್ರದ ನಿಯಮದಂತೆ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಬ್ಸಿಡಿ ನಿಗದಿಯಾಗಿತ್ತು. ಅರ್ಜಿ ಹಾಕುವ ಮೊದಲು ತುಮಕೂರಿನ ಕೃಷಿ ಇಲಾಖೆಯಲ್ಲಿ ಯೋಜನೆ ಈಗಲೂ ಇದೆಯೇ, ಈಗಿನ ನಿಯಮ ಏನು ಅಂತ ವಿಚಾರಿಸಿ.