ಬಯಾಸ್ ಅಪ್‌ಡೇಟ್ ಕೈಕೊಟ್ಟು ಲ್ಯಾಪ್‌ಟಾಪ್ ಏಳದಿದ್ದರೆ ಏನು ಮಾಡಬೇಕು?

ಪವರ್ ಬಟನ್ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಕಂಪನಿಯ ಲೋಗೋ ಕೂಡ ಮೂಡುವುದಿಲ್ಲ. ಇದಕ್ಕೆ ತುಸು ಮುಂಚೆ ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ, ಇಲ್ಲವೇ ಬೇರೆ ಮಾದರಿಯ ಫೈಲನ್ನು ಹಾಕಿಬಿಟ್ಟಿದ್ದರೆ, ಕಾಯಿಲೆ ಯಾವುದೆಂದು ಹೆಚ್ಚು ಹುಡುಕಬೇಕಿಲ್ಲ. ಮದರ್‌ಬೋರ್ಡ್ ಮೇಲಿನ ಎಂಟು ಕಾಲಿನ ಪುಟ್ಟ ಚಿಪ್ ಒಂದರಲ್ಲಿ ಬರಹ ಕೆಟ್ಟಿದೆ. ಸಾಮಾನ್ಯವಾಗಿ ಆ ಚಿಪ್ಪಿಗೂ ಏನೂ ಆಗಿರುವುದಿಲ್ಲ, ಪ್ರೊಸೆಸರ್‌ಗೂ ಏನೂ ಆಗಿರುವುದಿಲ್ಲ. ‘ಬೋರ್ಡೇ ಬದಲಾಯಿಸಬೇಕು’ ಎಂದು ಯಾರಾದರೂ ಹೇಳಿದರೆ ತಕ್ಷಣ ತಲೆಯಾಡಿಸಬೇಡಿ. ಅದಕ್ಕೂ ಮುಂಚೆ ಮಾಡಿ ನೋಡಬೇಕಾದ ಕೆಲಸ ಸಾಕಷ್ಟಿದೆ.

ನಿಮ್ಮ ಫೋಟೊ, ಕಡತಗಳ ಚಿಂತೆಯನ್ನು ಮೊದಲು ಬಿಡಿ. ಅವು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿವೆ. ಬಯಾಸ್ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ.

ಇಂಟೆಲ್ ಪ್ರೊಸೆಸರ್ ಎಚ್ಚರಗೊಂಡಾಗ ವಿಂಡೋಸನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೊದಲ 4 ಜಿಬಿ ಮೆಮೊರಿ ವಿಳಾಸಗಳ ತುತ್ತತುದಿಗಿಂತ 16 ಬೈಟ್ ಕೆಳಗೆ ಅದಕ್ಕೊಂದು ಗೊತ್ತುಮಾಡಿದ ಜಾಗವಿದೆ. ಮೊದಲ ಆದೇಶವನ್ನು ಅಲ್ಲಿಂದಲೇ ಓದುತ್ತದೆ. ಆ ವಿಳಾಸ ಬಯಾಸ್ ಚಿಪ್ಪಿನ ಕೊನೆಯ ತುಣುಕಿಗೆ ಸೇರಿದ್ದು. ಈ ತುಣುಕಿಗೆ ಬೂಟ್ ಬ್ಲಾಕ್ ಎನ್ನುತ್ತಾರೆ. ರ್‍ಯಾಮ್ ಸಜ್ಜುಗೊಳಿಸಿ, ಪೆನ್‌ಡ್ರೈವ್ ಓದುವಷ್ಟು ಜಾಣತನ ಇದರಲ್ಲಿ ತುಂಬಿರುತ್ತದೆ. ಅನೇಕ ಕಂಪನಿಗಳು ಅಪ್‌ಡೇಟ್ ಸಮಯದಲ್ಲೂ ಇದನ್ನು ಕೆದಕದಂತೆ ಕಾಪಾಡುತ್ತವೆ. ಹಾಗಾಗಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇಷ್ಟೇ: ಬೂಟ್ ಬ್ಲಾಕ್ ಉಳಿದಿದೆಯೋ, ಅದೂ ಹೋಗಿದೆಯೋ? ಉಳಿದಿದ್ದರೆ ಒಂದು ಪೆನ್‌ಡ್ರೈವ್ ಸಾಕು. ಹೋಗಿದ್ದರೆ ಸ್ಕ್ರೂಡ್ರೈವರ್ ಹಿಡಿಯಬೇಕು.

(ಬಯಾಸ್ ಅಳಿದು ಯಂತ್ರಗಳು ಮಲಗುವುದು ಹೊಸದೇನಲ್ಲ. ಸಿಐಎಚ್ ಎಂಬ ವೈರಸ್ 1999ರ ಏಪ್ರಿಲ್ 26ರಂದು ಜಗತ್ತಿನ ನಾನಾ ಕಡೆ ಕಂಪ್ಯೂಟರ್‌ಗಳ ಬಯಾಸ್ ಮೇಲೆ ಕಸ ಬರೆದು ಕೂರಿಸಿತ್ತು. ಆಗಲೂ ಮದ್ದು ಒಂದೇ: ಚಿಪ್ಪಿಗೆ ಸರಿಯಾದ ಬರಹ ತುಂಬುವುದು.)

ಮೊದಲು ಸುಮ್ಮನಿರಿ

ಅಪ್‌ಡೇಟ್ ನಿಂತಿದೆ ಎಂದು ನಿಮಗನ್ನಿಸಿದರೂ ಅದು ನಿಂತಿರಬೇಕೆಂದೇನಿಲ್ಲ. ಕೆಲವು ಮಾದರಿಗಳಲ್ಲಿ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ, ಯಂತ್ರ ತಾನಾಗಿ ಎರಡು ಮೂರು ಸಲ ಆರಿ ಹೊತ್ತುತ್ತದೆ. ಚಾರ್ಜರ್ ಹಾಕಿಟ್ಟು ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಚೆನ್ನಾಗಿ ನಡೆಯುತ್ತಿದ್ದ ಅಪ್‌ಡೇಟನ್ನು ತಾಳ್ಮೆಗೆಟ್ಟು ಪವರ್ ಬಟನ್ ಒತ್ತಿ ಕೊಂದವರು ಕಡಿಮೆಯಿಲ್ಲ.

ಆಗಲೂ ಏಳದಿದ್ದರೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆಯಿರಿ. ಪವರ್ ಬಟನನ್ನು 30 ಸೆಕೆಂಡು ಒತ್ತಿ ಹಿಡಿದು, ಚಾರ್ಜರ್ ಮಾತ್ರ ಹಾಕಿ ಮತ್ತೆ ಆನ್ ಮಾಡಿ. ಕೀಬೋರ್ಡ್, ಫ್ಯಾನ್, ಚಾರ್ಜಿಂಗ್ ನೋಡಿಕೊಳ್ಳುವ ಪುಟ್ಟ ಕಂಟ್ರೋಲರ್ ಗೊಂದಲಕ್ಕೆ ಬಿದ್ದಿದ್ದರೆ ಇಷ್ಟಕ್ಕೇ ಸರಿಹೋಗಬಹುದು.

ಈಗ ದೀಪಗಳನ್ನು ಗಮನಿಸಿ. ಇತ್ತೀಚಿನ ಹಲವು ಡೆಲ್ ಮಾದರಿಗಳಲ್ಲಿ ಬ್ಯಾಟರಿ ದೀಪ ಎರಡು ಸಲ ಕಿತ್ತಳೆ, ಎರಡು ಸಲ ಬಿಳಿ ಮಿನುಗಿದರೆ ಮದರ್‌ಬೋರ್ಡ್, ಬಯಾಸ್ ಅಥವಾ ಅದಿರುವ ರಾಮ್ (ROM) ಚಿಪ್ಪಿನ ದೋಷವೆಂದು ಅರ್ಥ. ಮೂರು ಕಿತ್ತಳೆ, ಮೂರು ಬಿಳಿ ಬಂದರೆ ‘ರಿಕವರಿ ಫೈಲ್ ಸಿಗಲಿಲ್ಲ’. ಮೂರು ಕಿತ್ತಳೆ, ನಾಲ್ಕು ಬಿಳಿ ಬಂದರೆ ‘ಸಿಕ್ಕಿತು, ಆದರೆ ಸರಿಯಿಲ್ಲ’. ಈ ಕೊನೆಯ ಎರಡು ಸಂಕೇತ ಕಂಡರೆ ಖುಷಿಪಡಿ. ಫೈಲ್ ಬೇಕೆಂದು ಕೇಳುವಷ್ಟು ಜೀವ ಯಂತ್ರದಲ್ಲಿ ಉಳಿದಿದೆ. ಬೇರೆ ಕಂಪನಿಗಳಲ್ಲಿ ಕ್ಯಾಪ್ಸ್ ಲಾಕ್ ದೀಪದ ಮಿನುಗು ಅಥವಾ ಬೀಪ್ ಸದ್ದು ಇದೇ ಕೆಲಸ ಮಾಡುತ್ತದೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಅದರ ಪಟ್ಟಿ ಇರುತ್ತದೆ.

ಪೆನ್‌ಡ್ರೈವ್ ಮತ್ತು ಕೀಗಳು

ಇನ್ನೊಂದು ಕಂಪ್ಯೂಟರ್‌ನಲ್ಲಿ ಕಂಪನಿಯ ಸಪೋರ್ಟ್ ಪುಟ ತೆರೆದು, ಲ್ಯಾಪ್‌ಟಾಪ್ ತಳದ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಗೆ ಸೇರಿದ ಬಯಾಸ್ ಫೈಲನ್ನೇ ಇಳಿಸಿಕೊಳ್ಳಿ. ಸರಣಿಯ ಹೆಸರು ಒಂದೇ ಎಂದು ನಂಬಿ ಹೋಗಬೇಡಿ. ಒಂದೇ ಹೆಸರಿನಡಿ ಇಂಟೆಲ್ ಬೋರ್ಡೂ ಇರುತ್ತದೆ, ಎಎಂಡಿ ಬೋರ್ಡೂ ಇರುತ್ತದೆ. ಪೆನ್‌ಡ್ರೈವ್ ಹಳೆಯದು, ಚಿಕ್ಕದು ಆದಷ್ಟೂ ಒಳ್ಳೆಯದು. ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಆಗಿದ್ದರೆ ಬೂಟ್ ಬ್ಲಾಕ್ ಅದನ್ನು ಓದಲಾರದು.

ಎಚ್‌ಪಿಯಲ್ಲಿ ಅಪ್‌ಡೇಟ್ ಪ್ರೋಗ್ರಾಮನ್ನು ಓಡಿಸಿದರೆ ರಿಕವರಿ ಪೆನ್‌ಡ್ರೈವ್ ಮಾಡಿಕೊಡುವ ಆಯ್ಕೆ ಅದರಲ್ಲೇ ಸಿಗುತ್ತದೆ. ಪೆನ್‌ಡ್ರೈವ್, ಚಾರ್ಜರ್ ಎರಡನ್ನೂ ಸಿಕ್ಕಿಸಿ, ವಿಂಡೋಸ್ ಕೀ ಮತ್ತು ಬಿ ಕೀಗಳನ್ನು ಒಟ್ಟಿಗೆ ಹಿಡಿದು, ಪವರ್ ಬಟನನ್ನು 2–3 ಸೆಕೆಂಡು ಒತ್ತಿ ಬಿಡಿ. ಕೀಗಳನ್ನು ಮಾತ್ರ ಬಿಡಬೇಡಿ. ಪರದೆ 40 ಸೆಕೆಂಡಿನವರೆಗೂ ಕಪ್ಪಾಗಿಯೇ ಇರಬಹುದು, ನಡುವೆ ಬೀಪ್ ಕೇಳಬಹುದು. ಹೆಚ್ಚಿನವರು ಕೈ ಬಿಡುವುದು ಇಲ್ಲೇ. ಬಿ ಕೀಯಿಂದ ಆಗದಿದ್ದರೆ ವಿ ಕೀ ಹಿಡಿದು ನೋಡಿ. ಎಚ್‌ಪಿಯ ಕಚೇರಿ ಬಳಕೆಯ ಮಾದರಿಗಳಲ್ಲಿ ಶೂರ್ ಸ್ಟಾರ್ಟ್ ಎಂಬ ವ್ಯವಸ್ಥೆ ಬಯಾಸ್‌ನ ಒಂದು ನಕಲನ್ನು ಬೇರೆಡೆ ಇಟ್ಟುಕೊಂಡು ತಾನೇ ದುರಸ್ತಿ ಮಾಡುತ್ತದೆ. ಅಲ್ಲಿ ಚಾರ್ಜರ್ ಹಾಕಿ ಕಾಯುವುದೊಂದೇ ನಿಮ್ಮ ಕೆಲಸ.

ಡೆಲ್‌ನಲ್ಲಿ ಕ್ರಮ ಬೇರೆ. ಇಳಿಸಿದ ಫೈಲಿನ ಹೆಸರನ್ನೇ ಬದಲಿಸಬೇಕು: ಇಂಗ್ಲಿಷಿನಲ್ಲಿ ಬಿ, ಐ, ಒ, ಎಸ್, ಅಂಡರ್‌ಸ್ಕೋರ್, ಐ, ಎಂ, ಜಿ, ಚುಕ್ಕಿ, ಆರ್, ಸಿ, ವಿ. ಹೆಸರಿನ ಹಳೆಯ ಬಾಲ (ಚುಕ್ಕಿಯ ನಂತರದ ಎಕ್ಸ್‌ಟೆನ್ಷನ್) ಕೊನೆಯಲ್ಲಿ ಉಳಿದುಹೋಗದಂತೆ ನೋಡಿಕೊಳ್ಳಿ. ವಿಂಡೋಸ್ ಅದನ್ನು ಮರೆಮಾಡುವುದರಿಂದ ಇಲ್ಲಿ ಎಡವುವವರು ಬಹಳ. ಪೆನ್‌ಡ್ರೈವ್ ಹಾಕಿ, ಚಾರ್ಜರ್ ಬಿಚ್ಚಿ, ಕಂಟ್ರೋಲ್ ಮತ್ತು ಎಸ್ಕೇಪ್ ಕೀಗಳನ್ನು ಹಿಡಿದಿರುವಾಗಲೇ ಚಾರ್ಜರ್ ಸಿಕ್ಕಿಸಿ. ಬಯಾಸ್ ರಿಕವರಿ ಪರದೆ ಬಂದ ಮೇಲೆ ಕೈ ಬಿಡಿ. ಹಳೆಯ ಏಸರ್ ಯಂತ್ರಗಳಲ್ಲಿ ಎಫ್‌ಎನ್ ಮತ್ತು ಎಸ್ಕೇಪ್ ಹಿಡಿದು ಪವರ್ ಒತ್ತುತ್ತಾರೆ.

ಪೆನ್‌ಡ್ರೈವ್‌ಗೆ ದೀಪವಿದ್ದರೆ ಈ ಹೊತ್ತಿನಲ್ಲಿ ಅದೇ ನಿಮ್ಮ ಕಣ್ಣು. ಮೊದಲು ಒಮ್ಮೆ ಹೊತ್ತಿ ಸುಮ್ಮನಾದರೆ ವಿದ್ಯುತ್ ಸಿಕ್ಕಿದೆ, ಅಷ್ಟೇ. ಬಿಟ್ಟು ಬಿಟ್ಟು ಬೇಗ ಬೇಗ ಮಿನುಗಿದರೆ ಯಾರೋ ಫೈಲ್ ಓದುತ್ತಿದ್ದಾರೆ. ಮಿನುಗಿ ನಿಂತರೂ ಏನೂ ಆಗದಿದ್ದರೆ ತಪ್ಪು ಫೈಲಿನದ್ದು ಅಥವಾ ಅದರ ಹೆಸರಿನದ್ದು. ಮಿನುಗಲೇ ಇಲ್ಲವೆಂದರೆ ಬೇರೆ ಪೋರ್ಟ್, ಬೇರೆ ಪೆನ್‌ಡ್ರೈವ್ ಹಾಕಿ ನೋಡಿ. ಅಷ್ಟರ ಮೇಲೂ ಸುಳಿವಿಲ್ಲವೆಂದಾದರೆ ಮುಂದಿನ ಹಂತಕ್ಕೆ ಹೋಗಿ. ವಾರಂಟಿ ಉಳಿದಿದ್ದರೆ ಮಾತ್ರ ಇಲ್ಲಿಗೇ ನಿಲ್ಲಿಸಿ ಕಂಪನಿಗೆ ಒಪ್ಪಿಸಿ.

ಚಿಪ್ಪಿಗೆ ನೇರವಾಗಿ ಬರೆಯುವುದು

ಇದಕ್ಕೆ ಬೇಕಾದದ್ದು ಸಿಎಚ್341ಎ ಎಂಬ ಯುಎಸ್‌ಬಿ ಪ್ರೋಗ್ರಾಮರ್ (ಚಿಪ್ಪಿನ ಬರಹ ಓದಿ ಬರೆಯುವ ಪುಟ್ಟ ಸಾಧನ), ಎಂಟು ಕಾಲಿನ ಚಿಪ್ಪನ್ನು ಕಚ್ಚಿ ಹಿಡಿಯುವ ಕ್ಲಿಪ್ಪು, ಇನ್ನೊಂದು ಕಂಪ್ಯೂಟರ್.

ತಳದ ಮುಚ್ಚಳ ತೆಗೆದು ಬ್ಯಾಟರಿ ಕನೆಕ್ಟರನ್ನು ಎಲ್ಲಕ್ಕಿಂತ ಮೊದಲು ಬಿಡಿಸಿ. ಬಟನ್ ಸೆಲ್ ಇದ್ದರೆ ಅದನ್ನೂ. ಆಮೇಲೆ ಸುಮಾರು 5 ಮಿಲಿಮೀಟರ್ ಚೌಕದ, ಎರಡು ಬದಿಗೆ ನಾಲ್ಕು ನಾಲ್ಕು ಕಾಲಿರುವ ಚಿಪ್ ಹುಡುಕಿ. ಮೇಲೆ ವಿನ್‌ಬಾಂಡ್, ಮ್ಯಾಕ್ರೊನಿಕ್ಸ್, ಗಿಗಾಡಿವೈಸ್ ಇಂಥ ಹೆಸರು ಅಥವಾ ಗುರುತಿನ ಜೊತೆ 25ರಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಅಕ್ಷರ ಕೂದಲೆಳೆಯಷ್ಟು ಸಣ್ಣ. ಮೊಬೈಲ್ ಕ್ಯಾಮೆರಾ ಹಿಗ್ಗಿಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಓದಲು ಬರುತ್ತದೆ. 25ಕ್ಯೂ64 ಎಂದರೆ 64 ಮೆಗಾಬಿಟ್, ಅಂದರೆ 8 ಎಂಬಿ. 25ಕ್ಯೂ128 ಎಂದರೆ 16 ಎಂಬಿ. ಕೆಲವು ಬೋರ್ಡ್‌ಗಳಲ್ಲಿ ಇಂಥವು ಎರಡಿರುತ್ತವೆ. ಕಾಲುಗಳು ಹೊರಚಾಚದೆ ಅಡಿಯಲ್ಲೇ ಅಂಟಿಕೊಂಡಿರುವ ಚಪ್ಪಟೆ ಚಿಪ್ಪಾದರೆ ಕ್ಲಿಪ್ಪಿಗೆ ಹಿಡಿತ ಸಿಗುವುದಿಲ್ಲ. ಬೆಸುಗೆಯಲ್ಲಿ ಕೈ ಪಳಗಿದವರಿಗೆ ಅದನ್ನು ಬಿಟ್ಟುಬಿಡಿ.

ವೋಲ್ಟೇಜ್ ವಿಷಯದಲ್ಲಿ ಅವಸರ ಬೇಡ. ಚಿಪ್ 3.3 ವೋಲ್ಟಿನದೋ 1.8 ವೋಲ್ಟಿನದೋ ಎಂಬುದನ್ನು ಅದರ ಪೂರ್ತಿ ಸಂಖ್ಯೆ ಹಾಕಿ ತಯಾರಕರ ವಿವರಪಟ್ಟಿಯಾದ ಡೇಟಾಶೀಟ್‌ನಲ್ಲೇ ಖಚಿತ ಮಾಡಿಕೊಳ್ಳಿ. ವಿನ್‌ಬಾಂಡ್‌ನ 25ಕ್ಯೂ128ಜೆವಿ 3.3 ವೋಲ್ಟ್, 25ಕ್ಯೂ128ಜೆಡಬ್ಲ್ಯು 1.8 ವೋಲ್ಟ್, ವ್ಯತ್ಯಾಸ ಒಂದೇ ಅಕ್ಷರ. 1.8ರ ಚಿಪ್ಪಿಗೆ ವೋಲ್ಟೇಜ್ ಇಳಿಸುವ ಅಡಾಪ್ಟರ್ ಬೇಕೇ ಬೇಕು. ಇನ್ನೊಂದು ಸಂಗತಿ: ಸಿಎಚ್341ಎಯ ಕಪ್ಪು ಬೋರ್ಡಿನಲ್ಲಿ ಚಿಪ್ಪಿಗೆ 3.3 ವೋಲ್ಟ್ ಹೋದರೂ ದತ್ತಾಂಶದ ತಂತಿಗಳಲ್ಲಿ 5 ವೋಲ್ಟ್ ಹರಿಯುವುದುಂಟು. ಅದನ್ನು ಬಳಸಿ ಪಾರಾದವರು ಅನೇಕರಿದ್ದಾರೆ, ನಿಜ. ನನ್ನ ಪ್ರಕಾರ ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಪ್ರೋಗ್ರಾಮರನ್ನೇ ತೆಗೆದುಕೊಳ್ಳುವುದು ಲೇಸು.

ಚಿಪ್ಪಿನ ಒಂದು ಮೂಲೆಯಲ್ಲಿರುವ ಚುಕ್ಕಿ ಮೊದಲ ಕಾಲಿನ ಗುರುತು. ಕ್ಲಿಪ್ಪಿನ ಕೆಂಪು ತಂತಿ ಆ ಕಡೆಗಿರಲಿ. ಕ್ಲಿಪ್ ಕೂರಿಸಿದ ಮೇಲಷ್ಟೇ ಯುಎಸ್‌ಬಿಗೆ ಸಿಕ್ಕಿಸಿ. ಫ್ಲ್ಯಾಶ್‌ರಾಮ್ ಎಂಬ ಉಚಿತ ತಂತ್ರಾಂಶದಿಂದ ಮೊದಲು ಚಿಪ್ಪನ್ನು ಓದಿ, ಬರೆಯುವ ಮಾತು ಆಮೇಲೆ. ಒಳಗಿರುವುದು ಹಾಳಾದ ಬರಹವಾದರೂ ಅದನ್ನು ಉಳಿಸಿಕೊಳ್ಳಲೇಬೇಕು. ಸೀರಿಯಲ್ ಸಂಖ್ಯೆ, ವಿಂಡೋಸ್ ಪರವಾನಗಿಯ ಕೀ, ಕೆಲವು ಮಾದರಿಗಳಲ್ಲಿ ನೆಟ್‌ವರ್ಕ್ ವಿಳಾಸ ಎಲ್ಲವೂ ಅದೇ ಚಿಪ್ಪಿನಲ್ಲಿವೆ, ಕಂಪನಿಯ ಪುಟದಲ್ಲಿ ಅವು ಸಿಗುವುದಿಲ್ಲ.

ಎರಡು ಸಲ ಓದಿ, ಎರಡೂ ಫೈಲುಗಳ ಹ್ಯಾಶ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ. 16 ಎಂಬಿ ಚಿಪ್ಪಾದರೆ ಫೈಲಿನ ಗಾತ್ರ ಸರಿಯಾಗಿ 1,67,77,216 ಬೈಟ್ ಇರಬೇಕು. ಹ್ಯಾಶ್ ಹೊಂದದಿದ್ದರೆ ಕ್ಲಿಪ್ ಅಲ್ಲಾಡುತ್ತಿದೆ. ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದಾಗ ಆದಿಯಿಂದ ಅಂತ್ಯದವರೆಗೆ ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಕಂಡರೆ ಚಿಪ್ ಖಾಲಿಯಾಗಿದೆ ಎಂದು ಗಾಬರಿಬೀಳುವ ಮುಂಚೆ ಕ್ಲಿಪ್ಪನ್ನು ತೆಗೆದು ಮತ್ತೆ ಕೂರಿಸಿ. ಬಹುಪಾಲು ಸಲ ಯಾವುದೋ ಕಾಲು ತಾಗಿರುವುದಿಲ್ಲ.

ಇನ್ನು ತುಂಬಬೇಕಾದ ಬರಹ. ಕಂಪನಿಯ ಫೈಲನ್ನು ಹಾಗೇ ಎತ್ತಿ ಸುರಿಯುವಂತಿಲ್ಲ. ಅದಕ್ಕೆ ತಲೆಭಾಗದಲ್ಲಿ ಒಂದು ಹೊದಿಕೆ ಇರಬಹುದು, ಬಯಾಸ್ ಭಾಗ ಮಾತ್ರ ಇರಬಹುದು. ಇಂಟೆಲ್ ಯಂತ್ರದ ಚಿಪ್ಪಿನಲ್ಲಾದರೋ ಡಿಸ್ಕ್ರಿಪ್ಟರ್ (ವಲಯಗಳ ನಕ್ಷೆ), ಮ್ಯಾನೇಜ್‌ಮೆಂಟ್ ಎಂಜಿನ್ (ಇಂಟೆಲ್‌ನ ಒಳ ನಿಯಂತ್ರಕದ ತಂತ್ರಾಂಶ), ಬಯಾಸ್ ಎಂದು ಹಲವು ವಲಯಗಳಿವೆ. ಯುಇಎಫ್‌ಐ ಟೂಲ್ ಎಂಬ ತಂತ್ರಾಂಶದಲ್ಲಿ ನಿಮ್ಮ ಹಳೆಯ ಪ್ರತಿಯನ್ನೂ ಹೊಸ ಫೈಲನ್ನೂ ಅಕ್ಕಪಕ್ಕ ತೆರೆದರೆ ಯಾವ ವಲಯ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕಾಣುತ್ತದೆ. ಹೊಸ ಫೈಲಿನಿಂದ ಬಯಾಸ್ ವಲಯವನ್ನಷ್ಟೇ ತೆಗೆದು ಹಳೆಯ ಪ್ರತಿಯಲ್ಲಿ ಅದರ ಜಾಗಕ್ಕೆ ಕೂರಿಸುವುದು ಸುರಕ್ಷಿತ ದಾರಿ. ಸೀರಿಯಲ್ ಸಂಖ್ಯೆ, ವಿಂಡೋಸ್ ಪರವಾನಗಿಯ ಕೀ ಇರುವ ತುಣುಕು ಬಯಾಸ್ ವಲಯದೊಳಗೇ ಇದ್ದರೆ ಅದನ್ನು ಹಳೆಯದರಿಂದಲೇ ಉಳಿಸಿಕೊಳ್ಳಿ. ಒಳಗಿನ ಕೋಡ್ ತಿದ್ದಲು ಮಾತ್ರ ಹೋಗಬೇಡಿ. ಬೂಟ್ ಗಾರ್ಡ್ (ಬೂಟ್ ಬ್ಲಾಕಿನ ಡಿಜಿಟಲ್ ಸಹಿ ಪರೀಕ್ಷಿಸುವ ಇಂಟೆಲ್ ವ್ಯವಸ್ಥೆ) ಚಾಲ್ತಿಯಲ್ಲಿರುವ ಯಂತ್ರದಲ್ಲಿ ಸಹಿ ಹೊಂದದ ಬೂಟ್ ಬ್ಲಾಕ್ ಓಡುವುದೇ ಇಲ್ಲ.

ಅದೇ ಮಾದರಿಯ ಬೇರೊಬ್ಬರ ಯಂತ್ರದಿಂದ ತೆಗೆದ ಪೂರ್ತಿ ಪ್ರತಿ ಸಿಕ್ಕರೆ ಕೆಲಸ ಸುಲಭವೇನೋ ಹೌದು. ಆದರೆ ಅದರ ಜೊತೆ ಅವರ ಸೀರಿಯಲ್ ಸಂಖ್ಯೆಯೂ ಬರುತ್ತದೆ, ಕೆಲವೊಮ್ಮೆ ಅವರು ಹಾಕಿದ್ದ ಬಯಾಸ್ ಪಾಸ್‌ವರ್ಡೂ ಬರುತ್ತದೆ. ಬೇರೆ ದಾರಿಯೇ ಇಲ್ಲದಾಗ ಅದಕ್ಕೆ ಕೈ ಹಾಕಿ.

ಫ್ಲ್ಯಾಶ್‌ರಾಮ್ ಹಳೆಯದನ್ನು ಅಳಿಸಿ, ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ‘ವೆರಿಫೈಡ್’ ಎಂದು ಕಾಣುವವರೆಗೆ ಮೇಜನ್ನೂ ಅಲ್ಲಾಡಿಸಬೇಡಿ.

ಎದ್ದ ಮೇಲೆ

ಕ್ಲಿಪ್ ತೆಗೆದು, ಬ್ಯಾಟರಿ ಸೇರಿಸಿ, ಚಾರ್ಜರ್ ಹಾಕಿ ಆನ್ ಮಾಡಿ. ಮೊದಲ ಸಲ ರ್‍ಯಾಮನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾದ್ದರಿಂದ ಲೋಗೋ ಬರಲು ಕೆಲವು ನಿಮಿಷ ಹಿಡಿಯಬಹುದು. ಆರಿ ಮತ್ತೆ ಹೊತ್ತಿದರೂ ಕೈ ಹಾಕಬೇಡಿ. ಬಂದ ಕೂಡಲೇ ಬಯಾಸ್ ಒಳಹೊಕ್ಕು ಮೂಲ ಸೆಟ್ಟಿಂಗ್‌ಗಳನ್ನು ತುಂಬಿಸಿ, ದಿನಾಂಕ, ಸಮಯ ಸರಿಪಡಿಸಿ, ಸೀರಿಯಲ್ ಸಂಖ್ಯೆ ತಳದ ಚೀಟಿಯೊಡನೆ ಹೊಂದುತ್ತದೆಯೇ ನೋಡಿ. ಖಾಲಿಯಿದ್ದರೆ ಹಳೆಯ ಪ್ರತಿಯಲ್ಲಿ ಅದನ್ನು ಹುಡುಕಿ ವಾಪಸ್ ಸೇರಿಸಬಹುದು.

ವಿಂಡೋಸ್ ಶುರುವಾಗುವ ಬದಲು ನೀಲಿ ಪರದೆಯೊಂದು 48 ಅಂಕಿಯ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಅದು ಹೊಸ ತೊಂದರೆಯಲ್ಲ. ಬಯಾಸ್ ಬದಲಾದದ್ದನ್ನು ಟಿಪಿಎಂ ಎಂಬ ಭದ್ರತಾ ವ್ಯವಸ್ಥೆ ಗಮನಿಸಿದೆ. ವಿಂಡೋಸ್‌ಗೆ ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರು ಫೋನ್‌ನಿಂದ ಆ ಖಾತೆಗೆ ಹೋದರೆ ಸಾಧನಗಳ ಪಟ್ಟಿಯಡಿ ಕೀ ಸಾಮಾನ್ಯವಾಗಿ ಸಿಗುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆದರೆ ಐಟಿ ವಿಭಾಗದವರ ಬಳಿ ಇರುತ್ತದೆ. ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ಬರೆದುಕೊಂಡು ಹೋಗಿ, ಪಟ್ಟಿಯಲ್ಲಿ ಹಲವು ಕೀಗಳಿದ್ದರೆ ಯಾವುದು ಇದರದ್ದೆಂದು ಅದರಿಂದಲೇ ಗೊತ್ತಾಗುವುದು.