ಮುಂಚಿನ ವಿಮಾನಕ್ಕೆ ಸ್ಟ್ಯಾಂಡ್‌ಬೈ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಕೆಲಸ ಮಧ್ಯಾಹ್ನ ಮೂರಕ್ಕೇ ಮುಗಿದಿದೆ. ನಿಮ್ಮ ವಿಮಾನ ಇರುವುದು ರಾತ್ರಿ ಎಂಟೂವರೆಗೆ. ಅದೇ ಊರಿಗೆ ಅದೇ ಸಂಸ್ಥೆಯ ಇನ್ನೊಂದು ವಿಮಾನ ಐದು ಗಂಟೆಗೆ ಹೊರಡುತ್ತದೆ. ಅದರಲ್ಲಿ ಸೀಟು ಖಾಲಿ ಉಳಿದರೆ ಕೊಡಿ ಎಂದು ಹೆಸರು ಬರೆಸಿ ಕಾಯುವುದೇ ಸ್ಟ್ಯಾಂಡ್‌ಬೈ. ಹೀಗಿದ್ದೂ ನಮ್ಮ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ತೆರೆದುಕೊಂಡು ಎಂಟೂವರೆಯವರೆಗೆ ಗೇಟಿನ ಬಳಿ ಕುಳಿತೇ ಇರುವುದನ್ನು ಷಿಕಾಗೋದಲ್ಲೂ ಡಲ್ಲಾಸ್‌ನಲ್ಲೂ ಎಷ್ಟೋ ಸಲ ನೋಡಿದ್ದೇನೆ. ಮಾತನಾಡಿಸಿದರೆ ಎರಡು ಕಾರಣ ಸಿಗುತ್ತವೆ. ಒಂದು, ಕೈಯಲ್ಲಿರುವ ಸೀಟೂ ಹೋದೀತು ಎಂಬ ಭಯ. ಇನ್ನೊಂದು, ಕೌಂಟರಿಗೆ ಹೋಗಿ ಕೇಳಲು ಸಂಕೋಚ. ಎರಡೂ ಬೇಡ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮಗೆ ಗೊತ್ತಿರುವುದು ರೈಲಿನ ವೇಟಿಂಗ್ ಲಿಸ್ಟ್. ಚಾರ್ಟ್ ತಯಾರಾಗುವವರೆಗೆ ಉಸಿರು ಬಿಗಿಹಿಡಿದು ಕಾಯುವುದು, ಹೆಸರು ಖಚಿತವಾಗದಿದ್ದರೆ ಬಸ್ ನಿಲ್ದಾಣಕ್ಕೆ ಓಡುವುದು. ಆ ಅನುಭವದಿಂದಲೇ ಸ್ಟ್ಯಾಂಡ್‌ಬೈ ಎಂಬ ಪದ ಕೇಳಿದೊಡನೆ ಎದೆ ಧಸಕ್ಕೆನ್ನುತ್ತದೆ. ಆದರೆ ಅದೇ ದಿನದ ಮುಂಚಿನ ವಿಮಾನಕ್ಕೆ ಹಾಕುವ ಸ್ಟ್ಯಾಂಡ್‌ಬೈ ಹಾಗಲ್ಲ. ರಾತ್ರಿಯ ವಿಮಾನದಲ್ಲಿ ನಿಮ್ಮ ಸೀಟು ನಿಮ್ಮ ಹೆಸರಿನಲ್ಲೇ ಇರುತ್ತದೆ. ಮುಂಚಿನ ವಿಮಾನದಲ್ಲಿ ಜಾಗ ಸಿಕ್ಕಿದ ಗಳಿಗೆಯಲ್ಲಿ ಮಾತ್ರ ಹಳೆಯದು ಬಿಟ್ಟುಹೋಗುತ್ತದೆ. ಸಿಗದಿದ್ದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಇದನ್ನು ಹೋಲುವ ಇನ್ನೊಂದು ವ್ಯವಸ್ಥೆ ಇದೆ, ಅದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದೇ ದಿನದ ಬೇರೆ ವಿಮಾನಕ್ಕೆ ಟಿಕೆಟನ್ನು ಖಚಿತವಾಗಿ ಬದಲಾಯಿಸಿಕೊಳ್ಳಬಹುದು. ಅದಕ್ಕೆ ಟಿಕೆಟಿನ ಬಗೆಯನ್ನು ನೋಡಿ ಹಣ ಕೇಳುವುದುಂಟು, ಮತ್ತು ಬದಲಾಯಿಸಿದ ಕೂಡಲೇ ಹಳೆಯ ಸೀಟು ಹೋಗುತ್ತದೆ. ಆ್ಯಪ್‌ನಲ್ಲಿ ಎರಡೂ ಆಯ್ಕೆಗಳು ಒಂದರ ಕೆಳಗೊಂದು ಕಾಣಿಸಬಹುದು. ಒತ್ತುವ ಮೊದಲು ಓದಿಕೊಳ್ಳಿ. ತಲುಪಲೇಬೇಕಾದ ಸಮಾರಂಭವಿದ್ದರೆ ಹಣ ಕೊಟ್ಟು ಖಚಿತ ಮಾಡಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ನಾನು ಬಂದ ಕಾಲದಲ್ಲಿ ಸಾಮಾನ್ಯ ಪ್ರಯಾಣಿಕರು ಸ್ಟ್ಯಾಂಡ್‌ಬೈಗೂ ದುಡ್ಡು ತೆರಬೇಕಿತ್ತು. 2020ರ ಕೊರೊನಾ ಕಾಲದಲ್ಲಿ ಪ್ರಯಾಣಿಕರೇ ಇಲ್ಲದಂತಾದಾಗ ಅಮೆರಿಕನ್ ಏರ್‌ಲೈನ್ಸ್ ಮತ್ತು ಯುನೈಟೆಡ್ ಏರ್‌ಲೈನ್ಸ್ ಸಂಸ್ಥೆಗಳು ಇದನ್ನು ಎಲ್ಲರಿಗೂ ಉಚಿತ ಮಾಡುವುದಾಗಿ ಘೋಷಿಸಿದವು. ಮೊದಲನೆಯದು ಆ ವರ್ಷದ ಅಕ್ಟೋಬರ್‌ನಲ್ಲಿ, ಎರಡನೆಯದು 2021ರ ಜನವರಿಯಿಂದ ಜಾರಿಗೆ ತಂದಿತು. ಉಳಿದ ಹಲವು ಸಂಸ್ಥೆಗಳಲ್ಲಿ ಟಿಕೆಟಿನ ಬಗೆ, ಸದಸ್ಯತ್ವದ ದರ್ಜೆ (ಅದೇ ಸಂಸ್ಥೆಯಲ್ಲಿ ಆಗಾಗ ಹಾರುವವರಿಗೆ ಸಿಗುವುದು) ನೋಡುತ್ತಾರೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಪ್ರಯಾಣದ ಹಿಂದಿನ ದಿನ ಆ್ಯಪ್‌ನಲ್ಲಿ ಒಮ್ಮೆ ನೋಡಿ. ತೀರಾ ಅಗ್ಗದ ಟಿಕೆಟ್ ಕೊಂಡಿದ್ದರಂತೂ ತಪ್ಪದೆ ನೋಡಿ.

ಸಾಮಾನ್ಯವಾಗಿ ಹೊರಡುವುದಕ್ಕೆ 24 ಗಂಟೆ ಮೊದಲು, ಚೆಕ್-ಇನ್ ತೆರೆಯುವ ಹೊತ್ತಿಗೇ ಸ್ಟ್ಯಾಂಡ್‌ಬೈ ಪಟ್ಟಿಗೆ ಹೆಸರು ಸೇರಿಸಬಹುದು. ಸದಸ್ಯತ್ವದ ದರ್ಜೆ ಇರುವವರು ಮೇಲೆ ಹೋಗುತ್ತಾರೆ, ಅದಕ್ಕೆ ಏನೂ ಮಾಡುವಂತಿಲ್ಲ. ಸಮಾನರಲ್ಲಿ ಮೊದಲು ಕೇಳಿದವರಿಗೆ ಮೊದಲ ಅವಕಾಶ ಸಿಗುವುದುಂಟು, ಆದ್ದರಿಂದ ತಡಮಾಡಬೇಡಿ. ಆ್ಯಪ್‌ನಲ್ಲಿ ಆಯ್ಕೆ ಕಾಣದಿದ್ದರೆ ಕೌಂಟರಿಗೆ ಹೋಗಿ, ಐದು ಗಂಟೆಯ ವಿಮಾನದ ಸ್ಟ್ಯಾಂಡ್‌ಬೈ ಪಟ್ಟಿಗೆ ನನ್ನ ಹೆಸರು ಸೇರಿಸುತ್ತೀರಾ ಎಂದು ಕೇಳಿ. ಅಷ್ಟೇ ಮಾತು ಸಾಕು. ಕಾರಣ ಹೇಳಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ. ಅವರು ಇಂಥ ಕೋರಿಕೆಯನ್ನು ದಿನಕ್ಕೆ ಹತ್ತಾರು ಸಲ ಕೇಳುತ್ತಾರೆ. ನಿಮಗೆ ಸಿಗುವ ಪಾಸ್‌ನಲ್ಲಿ ಸೀಟು ಸಂಖ್ಯೆ ಇರುವುದಿಲ್ಲ, ಗಾಬರಿಯಾಗಬೇಡಿ. ಅದು ಗೇಟಿನಲ್ಲಿ ಸಿಗುತ್ತದೆ.

ಇನ್ನು ಗೇಟಿನ ಮೇಲಿನ ಪರದೆ. ಅಲ್ಲಿ ಎರಡು ಪಟ್ಟಿಗಳು ಬರುತ್ತವೆ. ಒಂದು ಮೇಲ್ದರ್ಜೆಗೆ ಕಾಯುತ್ತಿರುವವರದು, ಇನ್ನೊಂದು ಸ್ಟ್ಯಾಂಡ್‌ಬೈ. ನಿಮ್ಮದು ಎರಡನೆಯದು. ಪೂರ್ತಿ ಹೆಸರು ಹಾಕುವುದಿಲ್ಲ. ಕುಲನಾಮದ ಮೊದಲ ಮೂರು ಅಕ್ಷರ, ಹೆಸರಿನ ಮೊದಲ ಅಕ್ಷರ, ಅಷ್ಟೇ. ರಾವ್ ಆದರೆ ಆರ್, ಎ, ಒ. ಹೆಗಡೆ ಆದರೆ ಎಚ್, ಇ, ಜಿ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇರುವವರು ನಮ್ಮಲ್ಲಿ ಬಹಳ. ಅವರ ವೀಸಾದಲ್ಲಿ ಪೂರ್ತಿ ಹೆಸರು ಕುಲನಾಮದ ಕಡೆಗೆ ಹೋಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಎಂದು ಬಂದಿರುತ್ತದೆ. ಟಿಕೆಟ್ಟೂ ಅದರಂತೆಯೇ ಇದ್ದರೆ ಮಂಜುನಾಥ ಎಂಬುವವರು ಪರದೆಯಲ್ಲಿ ಎಂ, ಎ, ಎನ್ ಮತ್ತು ಎಫ್ ಎಂಬ ಅಕ್ಷರಗಳನ್ನು ಹುಡುಕಬೇಕು. ತಮ್ಮ ಹೆಸರೇ ಇಲ್ಲವೆಂದು ಎದ್ದುಹೋದವರನ್ನು ಬಲ್ಲೆ.

ಅದಕ್ಕಿಂತ ಮುಖ್ಯ, ಕಿವಿ. ವಿಮಾನ ಹೊರಡುವುದಕ್ಕೆ ಸುಮಾರು 15 ನಿಮಿಷ ಮೊದಲು ಬಾಗಿಲು ಮುಚ್ಚುತ್ತಾರೆ. ಬಾರದವರ ಸೀಟುಗಳನ್ನು ಹಂಚುವುದು ಅದರ ಹಿಂದು ಮುಂದಿನ ಕೆಲವೇ ನಿಮಿಷಗಳಲ್ಲಿ. ಆಗ ಕರೆಯುವ ಹೆಸರು ನಿಮ್ಮದೆಂದು ನಿಮಗೇ ತಿಳಿಯದಿರಬಹುದು. ಲಕ್ಷ್ಮೀನಾರಾಯಣ ಎಂಬುದು ‘ಲ್ಯಾಕ್’ ಎಂದು ಶುರುವಾಗಿ ಅಲ್ಲಿಯೇ ನಿಂತುಬಿಡುತ್ತದೆ. ಮೊದಲ ಸಲ ನಾನು ನಾಲ್ಕು ಗೇಟು ಆಚೆ ಕಾಫಿಯ ಸಾಲಿನಲ್ಲಿದ್ದೆ. ಮರಳಿ ಬರುವಷ್ಟರಲ್ಲಿ ಪರದೆಯಲ್ಲಿ ನನ್ನ ನಂತರದವರ ಹೆಸರಿನ ಮುಂದೆ ಸೀಟು ಸಂಖ್ಯೆ ಬಂದಿತ್ತು. ಎರಡು ಸಲ ಕರೆದರಂತೆ. ಅಂದಿನಿಂದ ಬೋರ್ಡಿಂಗ್ ಶುರುವಾದ ಮೇಲೆ ಕೌಂಟರ್ ಕಾಣುವ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಕೌಂಟರಿಗೆ ಅಂಟಿಕೊಂಡು ನಿಂತು ಮತ್ತೆ ಮತ್ತೆ ಕೇಳಬೇಡಿ. ಒಮ್ಮೆ ಹೋಗಿ, ಇಲ್ಲಿಯೇ ಇದ್ದೇನೆ ಎಂದು ಹೇಳಿ, ಕಣ್ಣಿಗೆ ಬೀಳುವಂತೆ ಕುಳಿತರೆ ಸಾಕು.

ಆ್ಯಪ್‌ನ ಸೀಟು ನಕ್ಷೆಯನ್ನು ನಂಬಿ ಆಸೆಯನ್ನೂ ನಿರಾಸೆಯನ್ನೂ ಪಡಬೇಡಿ. ಅಲ್ಲಿ ಖಾಲಿ ಕಾಣುವ ಸೀಟುಗಳೆಲ್ಲ ಖಾಲಿಯಲ್ಲ. ಟಿಕೆಟ್ ಕೊಂಡು ಸೀಟು ಆರಿಸದವರು ಎಷ್ಟೋ ಮಂದಿ ಇರುತ್ತಾರೆ.

ಸಾಮಾನಿನ ವಿಷಯ. ಸ್ಟ್ಯಾಂಡ್‌ಬೈ ಯೋಚನೆ ಇದ್ದರೆ ಕೈಚೀಲ, ಕ್ಯಾಬಿನ್ ಬ್ಯಾಗ್ ಇಷ್ಟರಲ್ಲೇ ಪ್ರಯಾಣ ಮಾಡಿ. ದೊಡ್ಡ ಬ್ಯಾಗ್ ಕೊಟ್ಟುಬಿಟ್ಟಿದ್ದರೆ ಅದು ರಾತ್ರಿಯ ವಿಮಾನದಲ್ಲೇ ಬರಬಹುದು, ನೀವು ಬೇಗ ಇಳಿದು ಅದಕ್ಕಾಗಿ ಕಾಯಬೇಕಾದೀತು. ಕೊನೆಯಲ್ಲಿ ಹತ್ತಿದವರಿಗೆ ತಲೆಯ ಮೇಲಿನ ಗೂಡುಗಳು ತುಂಬಿರುತ್ತವೆ. ಕ್ಯಾಬಿನ್ ಬ್ಯಾಗನ್ನೂ ಬಾಗಿಲಲ್ಲಿ ತೆಗೆದುಕೊಂಡು ಕೆಳಗೆ ಹಾಕಬಹುದು, ಆದ್ದರಿಂದ ಪಾಸ್‌ಪೋರ್ಟ್, ಔಷಧಿ, ಲ್ಯಾಪ್‌ಟಾಪ್ ಹೆಗಲ ಚೀಲದಲ್ಲಿರಲಿ. ಬುತ್ತಿಗೆ ಚಪಾತಿ, ಪುಳಿಯೋಗರೆ ಒಯ್ಯಬಹುದು. ಮೊಸರು, ಚಟ್ನಿ, ಉಪ್ಪಿನಕಾಯಿಗಳನ್ನು ಭದ್ರತಾ ತಪಾಸಣೆಯಲ್ಲಿ ದ್ರವವೆಂದೇ ಎಣಿಸುತ್ತಾರೆ, 100 ಮಿಲಿಲೀಟರ್ ಮೀರಿದರೆ ಬಿಡುವುದಿಲ್ಲ. ನೀವು ಆರಿಸಿಕೊಂಡ ಕಿಟಕಿಯ ಸೀಟೂ ಹೋಗುತ್ತದೆ. ಸಿಗುವುದು ಹೆಚ್ಚಾಗಿ ಹಿಂದಿನ ಸಾಲಿನ ನಡುವಿನ ಸೀಟು.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಮಾತ್ರ ದಯವಿಟ್ಟು ಸ್ಟ್ಯಾಂಡ್‌ಬೈ ಪಟ್ಟಿಗೆ ಹಾಕಬೇಡಿ. ಒಬ್ಬರಿಗೆ ಸೀಟು ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಹೋಗಬಹುದು. ಗಾಲಿಕುರ್ಚಿ ಹೇಳಿಟ್ಟಿರುವುದು ಮೊದಲಿನ ವಿಮಾನಕ್ಕೆ. ಭಾಷೆ ಬಾರದ ಊರಿನಲ್ಲಿ ಗೇಟು ಬದಲಾಯಿಸಿ ಓಡಾಡುವ ಕಷ್ಟ ಮೂರು ಗಂಟೆಯ ಉಳಿತಾಯಕ್ಕೆ ಸರಿಹೋಗುವುದಿಲ್ಲ. ಚಿಕ್ಕ ಮಕ್ಕಳಿದ್ದರೂ ಹಾಗೆಯೇ.

ಭಾನುವಾರದ ಸಂಜೆ, ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ ಸೀಟು ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಮಂಗಳವಾರ, ಬುಧವಾರದ ಮಧ್ಯಾಹ್ನಗಳು ವಾಸಿ. ಬೇಸಿಗೆಯಲ್ಲಿ ಷಿಕಾಗೋ ಕಡೆಗೆ ಹೊರಟವರು ಮಾತ್ರ ಯಾವ ದಿನವಾದರೂ ಪ್ರಯತ್ನಿಸಿ, ಏಕೆಂದರೆ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಕವಿಯುತ್ತದೆ. ಮುಂಚಿನ ವಿಮಾನ ಎಂದರೆ ಮಳೆಗೂ ಮುಂಚಿನ ವಿಮಾನ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಗುರುವಾರ ಡಲ್ಲಾಸ್‌ನಲ್ಲಿದ್ದೆ. ಷಿಕಾಗೋದ ಮನೆಗೆ ಮರಳುವ ನನ್ನ ವಿಮಾನ ರಾತ್ರಿ 8:40ಕ್ಕೆ. 5:10ರ ಪಟ್ಟಿಯಲ್ಲಿ ಒಂಬತ್ತನೆಯವನು. ಕೈಬಿಟ್ಟೆ ಎಂದುಕೊಂಡು ಕುಳಿತಿದ್ದೆ. ಬೇರೆ ಊರಿನಿಂದ ಬಂದು ಸೇರಬೇಕಿದ್ದ ಒಂದು ಗುಂಪು ತಡವಾಯಿತು. 4:53ಕ್ಕೆ ಪರದೆಯಲ್ಲಿ ನನ್ನ ಹೆಸರಿನ ಮುಂದೆ 31ಇ ಎಂದು ಮೂಡಿತು. ಒಂಬತ್ತಕ್ಕೆ ಮನೆಯಲ್ಲಿದ್ದೆ. ಕಲಶಕ್ಕೆ ಸೀರೆ ಉಡಿಸುತ್ತಿದ್ದ ಹೆಂಡತಿಗೆ ನೆರಿಗೆ ಹಿಡಿದುಕೊಡಲು ಒಂದು ಜೊತೆ ಕೈ ಬೇಕಿತ್ತು. ನನ್ನ ಮೊದಲಿನ ವಿಮಾನ ಷಿಕಾಗೋದ ಮಳೆಯಿಂದಾಗಿ ನೆಲ ಬಿಟ್ಟಾಗ ಮಧ್ಯರಾತ್ರಿ ದಾಟಿತ್ತು.

ಸೀಟು ಸಿಗದೆ ಬಾಗಿಲು ಮುಚ್ಚಿದರೆ ಮೊದಲು ನಿಮ್ಮ ವಿಮಾನದ ಗೇಟು ಸಂಖ್ಯೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಕಾಯುತ್ತಿದ್ದಾಗ ಅದು ಬದಲಾಗಿರುವುದುಂಟು. ಡಲ್ಲಾಸ್‌ನಂಥ ಕಡೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಒಳಗಿನ ಸ್ಕೈಲಿಂಕ್ ರೈಲು ಹತ್ತಬೇಕಾದೀತು. ಆಮೇಲೆ ಹೋಗಿ ಕಾಫಿ ಕುಡಿಯಿರಿ.