ಸುಮ್ಮನಿದ್ದಾಗಲೇ ಕೈಕೊಡುತ್ತಿದ್ದ ಕಂಪ್ಯೂಟರ್

ಏಳು ತಿಂಗಳ ಕಾಟ ಮುಗಿದು ಈಗ ಮೂರನೇ ತಿಂಗಳು ನಡೆಯುತ್ತಿದೆ. ಇಷ್ಟು ದಿನ ಕಾದೇ ಬರೆಯುತ್ತಿದ್ದೇನೆ. ಹಿಂದೆ ಎರಡು ಸಲ ‘ಸರಿಹೋಯ್ತು’ ಅಂದ ವಾರದೊಳಗೆ ಮತ್ತೆ ಅದೇ ಕತೆಯಾಗಿತ್ತು.

ವಾರಕ್ಕೆ ಎರಡು ಮೂರು ಸಲ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ನೀಲಿ ಪರದೆ ಇಲ್ಲ, ಬಿದ್ದಾಗಿನ ಸ್ಥಿತಿ ಉಳಿಸುವ ಮಿನಿಡಂಪ್ ಫೈಲೂ ಇಲ್ಲ. ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಎಂಬ ಸೂಚನೆ), ದೋಷ ಯಾವುದೆಂದು ಹೇಳಬೇಕಾದ ಬಗ್‌ಚೆಕ್ ಕೋಡ್ ಸೊನ್ನೆ. ಪ್ಲಗ್ ಕಿತ್ತರೂ ಇದೇ ದಾಖಲಾಗುತ್ತದೆ, ಹಾಗಾಗಿ ಅದರಿಂದ ಏನೂ ಗೊತ್ತಾಗುವುದಿಲ್ಲ.

ಕೇಳಿದವರೆಲ್ಲ ರ‍್ಯಾಮ್ ಅಂದರು. ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ನಾಲ್ಕು ಪಾಸ್ ಓಡಿತು, ಒಂದೂ ಎರರ್ ಇಲ್ಲ. ರ‍್ಯಾಮ್ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ತೆಗೆದು ಅದರ ವೇಗವನ್ನು 3200ರಿಂದ 2133ಕ್ಕೆ ಇಳಿಸಿದೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಕೊನೆಗೆ ಹೊಸ ರ‍್ಯಾಮ್ ಜೋಡಿಯನ್ನೇ ಕೊಂಡೆ. ಆ ದುಡ್ಡು ದಂಡ. ಹಳೆಯದನ್ನು ಮಾರಿದಾಗ ಅರ್ಧವೂ ಹುಟ್ಟಲಿಲ್ಲ; ಆ ಮೊತ್ತದಲ್ಲಿ ಒಳ್ಳೆಯ ಎಸ್‌ಎಂಪಿಎಸ್ಸೇ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬರುತ್ತಿತ್ತು.

ದಾರಿ ತೋರಿಸಿದ್ದು ಒಂದು ನೋಟ್‌ಬುಕ್. ಪ್ರತಿ ಸಲ ಕೈಕೊಟ್ಟಾಗ ಗಂಟೆ, ಆಗ ಏನು ಓಡುತ್ತಿತ್ತು ಎಂದು ಬರೆದಿಟ್ಟೆ. ಹತ್ತೊಂಬತ್ತರಲ್ಲಿ ಹದಿನಾರೋ ಹದಿನೇಳೋ ಸಲ ಏನೂ ಓಡುತ್ತಿರಲಿಲ್ಲ! ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡಿದರೂ ಜಗ್ಗದ ಯಂತ್ರ, ನಾನು ಊಟಕ್ಕೆ ಎದ್ದರೆ ಬೀಳುತ್ತಿತ್ತು. ಮೆಮ್‌ಟೆಸ್ಟ್ ಪಾಸಾಗಿದ್ದೂ ಆಗ ಅರ್ಥವಾಯಿತು: ಅದು ಪ್ರೊಸೆಸರನ್ನು ಮಲಗಲು ಬಿಡುವುದೇ ಇಲ್ಲ.

2013ರಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್ ಬಂದಾಗಿನ ಚರ್ಚೆ ನೆನಪಾಯಿತು. ಸಿ6, ಸಿ7 ಎಂಬ ಆಳದ ನಿದ್ರೆಯಲ್ಲಿ 12 ವೋಲ್ಟ್ ಲೈನಿನಿಂದ ಪ್ರೊಸೆಸರ್ ಎಳೆಯುವುದು 0.05 ಆಂಪಿಯರಿಗೆ ಇಳಿಯಬಹುದು, ಹಳೆಯ ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗದು ಎಂಬ ಮಾತು. ನನ್ನದು ಬೇರೆ ಪ್ರೊಸೆಸರ್, ಆದರೆ ಎಸ್‌ಎಂಪಿಎಸ್ ಹಳೆಯದೇ. ಲೋಡ್ ಕಮ್ಮಿಯಾದರೆ ಯಾರಾದರೂ ಬೀಳ್ತಾರಾ ಎಂದು ಗೆಳೆಯರು ನಂಬಲಿಲ್ಲ. ಪರೀಕ್ಷಿಸಲು, ಪ್ರೊಸೆಸರಿಗೆ ಸತತ ಕೆಲಸ ಕೊಡುವ ಪ್ರೈಮ್95 ಅನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಅದು ಪೂರ್ತಿ ಮಲಗದಿರುವಷ್ಟು ಮಾತ್ರ, ಓಡಿಸಿ ಆರು ದಿನ ಬಿಟ್ಟೆ. ಒಂದು ಸಲವೂ ಬೀಳಲಿಲ್ಲ. ನಿಲ್ಲಿಸಿದ ರಾತ್ರಿಯೇ ಬಿತ್ತು.

ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಜಾಗ) ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅನ್ನು ಆಟೋದಿಂದ ‘ಟಿಪಿಕಲ್ ಕರೆಂಟ್ ಐಡಲ್’ಗೆ, ಅಂದರೆ ಸುಮ್ಮನಿದ್ದಾಗಲೂ ಕರೆಂಟ್ ತೀರಾ ಇಳಿಯದಂತೆ, ಬದಲಿಸಿದೆ. ಅಲ್ಲಿಗೆ ಬೀಳುವುದು ನಿಂತಿತು. ಕುತೂಹಲಕ್ಕೆ, ಅದನ್ನು ಆಟೋಗೆ ಮರಳಿಸಿ, ಪ್ರೊಸೆಸರಿನ ನಿದ್ರೆಯನ್ನೇ ನಿಯಂತ್ರಿಸುವ ಗ್ಲೋಬಲ್ ಸಿ-ಸ್ಟೇಟ್ ಮುಚ್ಚಿಯೂ ನೋಡಿದೆ. ಹಾಗೆ ಮಾಡಿದರೂ ಬೀಳುವುದು ನಿಲ್ಲುತ್ತದೆ, ಆದರೆ ಐಡಲ್‌ನಲ್ಲಿ ವ್ಯಾಟ್ ಮೀಟರ್ ನಲವತ್ತರಿಂದ ಐವತ್ತೈದರ ಹತ್ತಿರ ಹೋಯಿತು, ಸಿಂಗಲ್ ಕೋರ್ ಬೂಸ್ಟ್ (ಒಂದೇ ಕೋರ್ ಓಡುವಾಗಿನ ಗರಿಷ್ಠ ವೇಗ) ಕೂಡ ಇಳಿಯಿತು. ನನಗೆ ಒಪ್ಪಿಗೆಯಾಗಲಿಲ್ಲ. 12 ವೋಲ್ಟ್ ಲೈನಿಗೆ ಮಲ್ಟಿಮೀಟರ್ ಹಿಡಿದೂ ನೋಡಿದ್ದೆ, 12.1 ತೋರಿಸುತ್ತಿತ್ತು. ಕ್ಷಣಾರ್ಧದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ.

ಬೀಳುವುದನ್ನು ದಿನಗಟ್ಟಲೆ ಕಾಯದೆ ಒಂದು ಗಂಟೆಯೊಳಗೆ ಬೀಳಿಸುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಲೋಡ್ ಕೊಡುವುದು, ಬಿಡುವುದು, ಅಷ್ಟೇ. ಎಷ್ಟು ಸೆಕೆಂಡಿಗೊಮ್ಮೆ ಎಂಬ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಸ್‌ಎಂಪಿಎಸ್ ಬದಲಿಸಿ, ಸೆಟ್ಟಿಂಗನ್ನು ಆಟೋಗೆ ತಂದು, ಆ ಸ್ಕ್ರಿಪ್ಟನ್ನು ಎರಡು ರಾತ್ರಿ ಓಡಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಇನ್ನೂ ಓಡುತ್ತಲೇ ಇತ್ತು.